ಗರಿಯೊಳಗಿನ ಕಾಗದ

ನಾಳೆ ಬೂದಿ ಬುಧವಾರ. ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿಗಳ ಕೋಣೆಯ ಹಿಂದೆ ಅನಸೀನಿ ಹೋದ ವರ್ಷದ ಗರಿಗಳ ಭಾನುವಾರ ಚರ್ಚಿನಲ್ಲಿ ಹಂಚಿದ್ದ ತಾಳೆಗರಿಗಳನ್ನು ಕತ್ತರಿಸಿ, ಹಣೆಗಿಡುವ ಬೂದಿಗಾಗಿ ತಗಡಿನ ಡಬ್ಬಿಯಲ್ಲಿ ಸುಡುತ್ತಿದ್ದಳು. ತನ್ನದೇ ಗರಿಯ ಕಟ್ಟು ಬಿಚ್ಚಿದಾಗ, ಟೋಂಗಾ ದ್ವೀಪದಲ್ಲಿರುವ ಅಪ್ಪನಿಗೆ ಬರೆದು ಅಂಚೆಚೀಟಿ ಅಂಟಿಸಿಟ್ಟಿದ್ದ ಕಾಗದ ಕೆಳಗೆ ಬಿತ್ತು.

"ಬಚ್ಚಿಡೋಕೆ ದೇವರ ಗರೀನೇ ಬೇಕಿತ್ತೇನೇ?" ಎನ್ನುತ್ತ ಪಕ್ಕದಲ್ಲಿದ್ದ ಸನ್ಯಾಸಿನಿ ಸಿಸ್ಟರ್ ವಿನಿಫ್ರೆಡ್ ಅದನ್ನು ಎತ್ತಿಕೊಂಡರು.

"ಸುಟ್ಟುಬಿಡಿ ಸಿಸ್ಟರ್. ಡಾಕ್ಟರ್ ಓದು ಬಿಟ್ಟೆ ಅಂತ ಬರೆದಿದೀನಿ. ಅಪ್ಪ ಇನ್ನೂ ಊರಿಗೆಲ್ಲ 'ನಮ್ಮ ಡಾಕ್ಟರಮ್ಮ' ಅಂತ ಹೇಳ್ಕೊಂಡು ತಿರುಗ್ತಾರೆ."

"ಗರಿ ಸುಟ್ಟರೆ ನಾಳೆ ಹಣೆಗಾಗುತ್ತೆ ಮಗೂ. ಇದನ್ನ ಸುಟ್ಟರೆ ಯಾರಿಗಾಗುತ್ತೆ, ಹೇಳು?"

ಅನಸೀನಿ ಕಾಗದ ಇಸಿದುಕೊಂಡು ಗೇಟಿನ ಬಳಿಯ ಕೆಂಪು ಅಂಚೆಪೆಟ್ಟಿಗೆಯವರೆಗೆ ನಡೆದಳು. ಅಪ್ಪನ ಹೆಸರಿನ ಪಕ್ಕದಲ್ಲಿ ಅವಳ ಹೆಬ್ಬೆರಳಿನ ಬೂದಿ ಮೆತ್ತಿತ್ತು. ಒರೆಸಲು ಹೋಗದೆ, ಹಾಗೆಯೇ ಒಳಗೆ ಹಾಕಿದಳು.