ಐದನೇ ಸಲದ ಪಾಠ

ಭಿನ್ನರಾಶಿಯ ಆ ಒಂದು ಪಾಠವನ್ನು ಅತಿಥಿ ಶಿಕ್ಷಕಿ ಕಸ್ತೂರಿ ಎರಡು ವರ್ಷದಲ್ಲಿ ನಾಲ್ಕು ಸಲ ಮಾಡಿದ್ದಳು. ಪ್ರತಿ ಸಲವೂ, ಆ ಪಾಠಕ್ಕೆ ಶಿಕ್ಷಕರ ಕೈಪಿಡಿ ಸಿದ್ಧಪಡಿಸುತ್ತಿದ್ದ ಸಂಶೋಧಕಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತು, ಮಕ್ಕಳು ಎಡವಿದ ಜಾಗವನ್ನೆಲ್ಲ ಗುರುತು ಹಾಕಿಕೊಂಡು, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದಳು: "ಏನು ಸೇರಿಸ್ಬೇಕು, ಏನು ಕೈಬಿಡಬಹುದು?"

ಕಸ್ತೂರಿ ಹೇಳಿದ್ದೆಲ್ಲ ಮುಂದಿನ ಸಲದ ಕೈಪಿಡಿಯಲ್ಲಿ ಅಚ್ಚಾಗಿ ಬರುತ್ತಿತ್ತು. ರೊಟ್ಟಿ ಮುರಿದು ತೋರಿಸುವುದು ಅವಳದೇ. "ಇಲ್ಲಿ ಸ್ವಲ್ಪ ಸುಮ್ಮನಿರಿ, ಮಕ್ಕಳೇ ಹೇಳುತ್ತಾರೆ" ಎಂಬ ಸಾಲೂ ಅವಳದೇ.

ಐದನೇ ಸಲ ಸಂಶೋಧಕಿ, "ಈ ಸಲ ನೀವು ಬೇಡ. ಪಾಠ ಮಾಡಿ ಗೊತ್ತಿಲ್ಲದವರು ಕೈಪಿಡಿ ನೋಡ್ಕೊಂಡು ಮಾಡ್ಲಿ" ಎಂದಳು.

ಬಿಸಿಯೂಟದ ಫಕೀರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಓದಿ ಓದಿ ರೊಟ್ಟಿ ಮುರಿದಳು. ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದಳು. ಮಕ್ಕಳೆಲ್ಲ ಸರಿಯಾಗಿ ಹೇಳಿದರು. ಹಿಂದಿನ ಬೆಂಚಿನಲ್ಲಿದ್ದ ಕಸ್ತೂರಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ.

"ಚಲೋ ಹೇಳಿಕೊಟ್ಟಿ ನೋಡವಾ," ಎಂದಳು.

"ಎಲ್ಲಾ ಇದರಾಗ ಬರದೈತ್ರಿ ಟೀಚರ್. ಓದೂದಷ್ಟ ನನ್ನ ಕೆಲಸ."

ಆಫೀಸು ರೂಮಿನಲ್ಲಿ, ಬರುವ ವರ್ಷಕ್ಕೂ ಕಸ್ತೂರಿಯನ್ನು ಮುಂದುವರಿಸುವ ಪತ್ರ ಹೆಡ್‌ಮಾಸ್ತರರ ಸಹಿಗೆ ಕಾದಿತ್ತು. ಸಂಶೋಧಕಿ ರೂಢಿಯಂತೆ ಕೇಳಿದಳು: "ಪಾಠ ಈಗ ಗಟ್ಟಿಯಾಯ್ತು ಸರ್. ಇನ್ನೇನಾದ್ರೂ ಕೈಬಿಡಬಹುದಾ?"

ಹೆಡ್‌ಮಾಸ್ತರರು ಸಹಿ ಮಾಡದೆ ಪೆನ್ನಿಗೆ ಮುಚ್ಚಳ ಹಾಕಿದರು.

"ಟೀಚರ್ ಒಬ್ರು ಉಳಿದಾರ ನೋಡ್ರಿ."