ಚಟದ ಗುರುತು

ಗಂಡನ ಖಾಕಿ ಕೋಟಿನ ಒಳಜೇಬಿಗೆ ಕೈ ಹಾಕಿದ ಬದ್ರುನ್ನಿಸಾಳಿಗೆ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಬಿಚ್ಚಿದಳು. ಕಪ್ಪಗೆ, ಅಂಟಂಟಾಗಿ, ಕಡಲೆಕಾಳಿನಷ್ಟು. ಮೂಗಿಗೆ ಹಿಡಿದು ನೋಡುವುದೂ ಬೇಕಾಗಲಿಲ್ಲ. ಅಫೀಮು!

ಐದು ತಿಂಗಳ ಹಿಂದೆ ಇದೇ ಮುನವ್ವರ್ ಮಗಳ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಅವನು ಕಮಲಾಕರ ಸಾಹುಕಾರರ ಸರ್ವಿಸ್ ಮೋಟಾರಿನ ಡ್ರೈವರ. ಬೆಳಿಗ್ಗೆ ಶಿರಸಿ ಬಿಟ್ಟು, ಸೋಂದಾ ದಾಟಿ ಯಲ್ಲಾಪುರ, ಮುಂದೆ ಇಡಗುಂದಿ, ಸಂಜೆ ವಾಪಸು. ಅಫೀಮಿನ ಮಂಪರಿನಲ್ಲಿ ಒಮ್ಮೆ ಇಳಿಜಾರಿನ ತಿರುವಿನಲ್ಲಿ ಮೋಟಾರನ್ನು ಕಣಿವೆಯ ಅಂಚಿಗೆ ಒಯ್ದು ನಿಲ್ಲಿಸಿದ್ದ. ಒಳಗೆ ಹದಿನೆಂಟು ಜನ. ಪುಣ್ಯ, ಯಾರಿಗೂ ಏನೂ ಆಗಲಿಲ್ಲ. "ಇನ್ನೊಮ್ಮೆ ತಿಂದ್ರ ನಾನ ಸಾವ್ಕಾರ್ರಿಗೆ ಹೇಳ್ತೀನಿ" ಎಂದು ಬದ್ರುನ್ನಿಸಾ ಅಂದೇ ಕಡ್ಡಿ ಮುರಿದಂತೆ ಹೇಳಿದ್ದಳು. "ಹೇಳು" ಎಂದಿದ್ದ ಅವನು.

ಚಟ ಬಿಡುವುದೆಂದರೆ ಹುಡುಗಾಟವೇ? ಮೊದಲ ಹತ್ತು ದಿನ ನರಕ. ಆಕಳಿಕೆ, ಸೋರುವ ಮೂಗು, ಕಾಲಿನ ಸೆಳೆತ, ಕಂಡವರ ಮೇಲೆಲ್ಲ ಸಿಡಿಮಿಡಿ. ಅವನ ಕಾಲು ಒತ್ತಿ ಒತ್ತಿ, ನಿದ್ದೆಗೆಟ್ಟು, ಅವಳೂ ಮೂರನೆಯ ದಿನ ನೆಗಡಿ ಹಿಡಿದು ಹಾಸಿಗೆ ಸೇರಿದ್ದಳು. ಆದರೂ ಗೆದ್ದರು. ಅವನ ಕೆನ್ನೆ ತುಂಬಿಕೊಂಡಿತು. ಮನೆಯಲ್ಲಿ ಮತ್ತೆ ನಗು ಕೇಳಿತು. ಊಟವಾದ ಮೇಲೆ ಎಲೆಯಡಿಕೆಯ ಕವಳದ ಡಬ್ಬಿ ತೆರೆದು, ಲವಂಗ ಏಲಕ್ಕಿ ಹಾಕಿ ತಾನೇ ಅರೆದಿಟ್ಟ ಕಾಚನ್ನು ಎಲೆಗೆ ಸವರಿ, ಹೆಂಡತಿಗೆ ಮಡಿಚಿ ಕೊಡುವ ಹಳೆಯ ರೂಢಿಯನ್ನೂ ಅವನು ತಪ್ಪಿಸಲಿಲ್ಲ. ತಾನು ಮಾತ್ರ ಕವಳವನ್ನೂ ಬಿಟ್ಟಿದ್ದ. "ಒಂದ ಚಟ ಬಿಟ್ಟಾವ ಇನ್ನೊಂದ್ಯಾಕ ಇಟ್ಕೊಳ್ಳಿ?" ಎನ್ನುತ್ತಿದ್ದ. ಇಡೀ ಓಣಿಯಲ್ಲಿ ಇಂಥ ಗಂಡ ಇನ್ಯಾರಿಗಿದ್ದಾನೆ ಎಂದು ಅವಳಿಗೆ ಒಳಗೊಳಗೇ ಜಂಬ.

ಅಂಥವನ ಜೇಬಿನಲ್ಲಿ ಇದು!

ಸಂಶಯ ಇವತ್ತಿನದಲ್ಲ. ಒಂದು ವಾರದಿಂದ ಮನೆಯೊಳಗೆ ಏನೋ ಸರಿಯಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಕೂತಲ್ಲಿ ಕೂರಲಾಗದು. ಮಗಳ ಮೇಲೆ ಸುಮ್ಮಸುಮ್ಮನೆ ಕೈ ಮಾಡಿ, ಆಮೇಲೆ ತಾನೇ ಅತ್ತಿದ್ದಳು. ಸಂಜೆ ಮೋಟಾರು ಅರ್ಧ ತಾಸು ತಡವಾದರೆ ಸಾಕು, ಒಲೆಗೂ ಬಾಗಿಲಿಗೂ ಹತ್ತು ಸಲ ಓಡಾಟ. ಅವನು ಬಂದು, ಊಟ ಮುಗಿದು, ಬಾಯಿಗೆ ಕವಳ ಬಿದ್ದ ಮೇಲೆಯೇ ಅವಳ ಜೀವ ತಣ್ಣಗಾಗುತ್ತಿತ್ತು.

"ಎಷ್ಟ ಸೊರಗೀಯಲ್ಲ ಬೇಟಿ! ಕಣ್ಣಾಗ ಬ್ಯಾರೆ ನೀರು" ಎಂದು ಪಕ್ಕದ ಮನೆಯ ಮುದುಕಿ ಬಿಸ್ಮಿಲ್ಲಾ ಬಿ ನಿನ್ನೆ ಕೇಳಿದ್ದಳು.

"ಅವರದ ಚಿಂತಿ, ಖಾಲಾ."

ಮುನವ್ವರ್ ಇನ್ನೂ ಬಚ್ಚಲಿನಲ್ಲಿದ್ದ. ಜಗಳಕ್ಕೆ ನಿಂತರೆ ಅವನ ಮುಖ ನೋಡಿ ಕರಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಬುರ್ಖಾ ಎಳೆದುಕೊಂಡು ನೇರ ಮೋಟಾರು ಶೆಡ್ಡಿಗೆ ನಡೆದಳು. ಹೇಳಿದರೆ ತನ್ನ ಮನೆಯ ಒಲೆ ಆರುತ್ತದೆ. ಹೇಳದಿದ್ದರೆ ಎಷ್ಟು ಮನೆಗಳದ್ದೋ! ದಾರಿಯುದ್ದಕ್ಕೂ ಅತ್ತಳು.

ಕಮಲಾಕರ ಸಾಹುಕಾರರು ಪೊಟ್ಟಣವನ್ನು ನೋಡಿ ಮೇಜಿನ ಮೇಲಿಟ್ಟುಕೊಂಡರು. ಮುನವ್ವರ್ ಬರುವವರೆಗೆ ಕಾದರು.

"ಎಂತದೋ ಇದು? ನಿಂದೇ ಹೌದಾ?"

ಮುನವ್ವರ್ ಪೊಟ್ಟಣ ನೋಡಿದ. ಹೆಂಡತಿಯನ್ನು ನೋಡಿದ. ಸುತ್ತ ಕ್ಲೀನರು, ಏಜಂಟ, ಚೀಟಿ ಕೊಳ್ಳಲು ನಿಂತ ಜನ.

"ಹೌದ್ರಿ. ನಾನ ತಂದದ್ದು."

"ದಿನಾ ತರ್ತೀಯಾ?"

"ದಿನಾ ರೀ. ಮೊದಲಿಗಿಂತ ಭಾಳ ಕಮ್ಮಿ ಮಾಡೇನ್ರಿ. ಇನ್ನ ಹದಿನೈದ ದಿನ ಬಿಟ್ಟಿದ್ರ ಪೂರಾ ನಿಲ್ತಿತ್ತು."

ಜನ ಗೊಳ್ಳೆಂದು ನಕ್ಕರು. ಅಫೀಮು ತಿನ್ನುವವರೆಲ್ಲ ಹಾಡುವ ರಾಗವೇ ಅದು. ಸಾಹುಕಾರರು ಕೈ ಚಾಚಿ ಕೀಲಿ ಇಸಿದುಕೊಂಡರು.

"ಇನ್ನು ನನ್ನ ಮೋಟಾರು ಮುಟ್ಟಬೇಡ. ಈ ಸುತ್ತಿನಲ್ಲಿ ಬೇರೆ ಯಾರೂ ನಿನಗೆ ಮೋಟಾರು ಕೊಡೂದಿಲ್ಲ, ತಿಳ್ಕೊ."

ಮುನವ್ವರ್ ಕೋಟು ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ. ಅವಳು ಹತ್ತು ಹೆಜ್ಜೆ ಹಿಂದೆ.

ಮನೆಗೆ ಬಂದದ್ದೇ ಅವಳ ಕಟ್ಟೆಯೊಡೆಯಿತು. "ಮಗಳ ತಲಿ ಮ್ಯಾಲ ಆಣಿ ಮಾಡಿದ್ರಲ್ಲ! ನಿಮ್ಮ ಕಾಲ ಒತ್ತಿ ನನ್ನ ಕೈ ಬಿದ್ದುಹೋಗಿದ್ವು. ಮಂದಿ ಮುಂದ ನಾಚಿಕಿ ಆಗಲಿಲ್ಲೇನು ನಿಮಗ?"

ಮುನವ್ವರ್ ಹೋಗಿ ಬಾಗಿಲು ಮುಚ್ಚಿದ.

"ಸಾವಕಾಶ ಮಾತಾಡು. ಮಂದಿ ಕೇಳ್ತಾರ."

"ಕೇಳಲಿ! ಇನ್ನೇನ ಉಳದೈತಿ ಮಾನ?"

"ನಿಂದು ಉಳದೈತಿ" ಎಂದ ಅವನು ಮೆಲ್ಲಗೆ. "ಐದ ತಿಂಗಳು ಅದನ್ನ ಜೇಬಿನಾಗ ಇಟ್ಕೊಂಡು ತಿರುಗೇನಿ. ಒಂದ ದಿನಾನೂ ನಾಲಿಗಿಗೆ ಹಚ್ಚಿಲ್ಲ. ಎಷ್ಟ ಕಷ್ಟ ಅಂತ ಆ ಅಲ್ಲಾಗ ಗೊತ್ತು."

"ಸುಳ್ಳು! ಹಂಗಾರ ಯಾರಿಗೆ ತಂದ್ರಿ?"

ಅವನು ಅವಳ ಎದುರು ನೆಲದ ಮೇಲೆ ಕೂತ. ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡ. ಅವನ ಕಣ್ಣು ತುಂಬಿ ಬಂದಿತ್ತು.

"ಮೂರ ವರ್ಷ, ನಿನಗ ಗೊತ್ತಾಗಬಾರದಂತ ಕಾಚಿನಾಗ ಕಲಸಿಟ್ಟು ತಿಂದೆ. ಅದ ಡಬ್ಬಿ, ಅದ ಕಾಚು, ನೀನೂ ತಿಂದಿ. ಆಣಿ ಮಾಡಿದ ದಿನ ಅದನ್ನ ಚೆಲ್ಲಿದೆ. ಮೂರನೇ ದಿನ ನೀ ಮಲಗಿದ್ದು ನೆಗಡಿಯಿಂದಲ್ಲ. ತಪ್ಪ ನಂದು. ಒಮ್ಮೆಲೇ ನಿಲ್ಸಿ ನಿನ್ನ ಆ ನರಕಕ್ಕ ನೂಕಾಕ ನನಗ ಎದಿ ಆಗಲಿಲ್ಲ. ಅದಕ್ಕ ನಿನ್ನ ಕವಳದಾಗ ಮತ್ತ ಹಾಕಿ, ದಿನಾ ಒಂದ ಚೂರು ಕಮ್ಮಿ ಮಾಡ್ಕೋತ ಬಂದೆ."

ಅವಳು ಬಾಯಿ ತೆರೆದಳು, ಬಂದದ್ದು ಆಕಳಿಕೆ.

"ನಾ ಬಿಟ್ಟಾತು, ಬದ್ರೂ. ಬಿಡಬೇಕಾದಾಕಿ ನೀನು."