ಮುನ್ನೂರಾ ನಲವತ್ತು ಪಿಂಗ್

ಆಟದ ಪರದೆಯ ಮೂಲೆಯಲ್ಲಿ, ನೆಟ್ಟಿನ ತಡ ತೋರಿಸುವ ಪಿಂಗ್ ಮತ್ತೆ ಮುನ್ನೂರಾ ನಲವತ್ತಕ್ಕೆ ಏರಿತು. ಬೀರೇಶನ ಗುಂಡು ಹಾರುವಷ್ಟರಲ್ಲಿ ಎದುರಾಳಿ ಅವನನ್ನು ಕೊಂದು ಮುಂದೆ ಹೋಗಿದ್ದ. ಅವನು ದುಡಿಯುವ ಉದ್ಯಮಬಾಗದ ಫೌಂಡ್ರಿಗೆ ವಾರಕ್ಕೊಂದೇ ರಜೆ, ಅದು ಇವತ್ತು; ಇನ್ನು ಹತ್ತು ನಿಮಿಷಕ್ಕೆ ಆನ್‌ಲೈನ್ ಪಂದ್ಯದ ಸೆಮಿಫೈನಲ್. ರೌಟರ್ ಆರಿಸಿ ಹಚ್ಚಿದ್ದ, ಹೊಸ ಕೇಬಲ್ ಹಾಕಿದ್ದ, ಟಿವಿಯನ್ನೂ ಹೆಂಡತಿಯ ಫೋನನ್ನೂ ವೈಫೈಯಿಂದ ತೆಗೆದಿದ್ದ. ಉಳಿದದ್ದು ಅವ್ವನ ಫೋನು. ದಡದಡ ಅಡುಗೆಮನೆಗೆ ಹೋದ.

ಮಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನಿನ ವಿಡಿಯೋ ಕಾಲಿನಲ್ಲಿ ಖಾನಾಪುರದಲ್ಲಿರುವ ಅವಳ ಅಕ್ಕ ನೀಲವ್ವನೂ ಬಡಿಯುತ್ತಿದ್ದಳು. ಗಂಡ ಹೋದಮೇಲೆ ನೀಲವ್ವ ತನ್ನೊಬ್ಬಳಿಗಾಗಿ ಹಂಚು ಇಡುವುದನ್ನೇ ಬಿಟ್ಟಿದ್ದಳು; ಅದಕ್ಕೇ ದಿನಾ ಈ ಜೋಡಿ ರೊಟ್ಟಿ. ದಿನಾ ಇಬ್ಬರ ಪೆಟ್ಟೂ ಒಟ್ಟಿಗೇ ಬೀಳುತ್ತಿತ್ತು. ಇವತ್ತು ಮಾತ್ರ ಮಾಯವ್ವ ಒಂದು ಪೆಟ್ಟು ಹಾಕಿ, ಆ ಕಡೆಯ ಸದ್ದು ಬರುವವರೆಗೂ ಕೈ ಎತ್ತಿ ಹಿಡಿದು ಕಾಯುತ್ತಿದ್ದಳು.

“ಅವ್ವಾ, ಅದನ್ನ ಬಂದ್ ಮಾಡು. ನಿನ್ನ ವಿಡಿಯೋದಿಂದ ನನ್ನ ಆಟ ನಿಂತ ನಿಂತ ಹೊಂಟೈತಿ.”

“ದಿನಾ ಹಚ್ಚತೀವಿ, ದಿನಾ ಸರಿ ಇರ್ತೈತಿ. ಮುಂಜಾನೆ ನೀ ಕಂಪ್ಯೂಟರ್ ಹಚ್ಚಿದಾಗಿಂದ ಆಕಿ ತಡಾ ಮಾಡಾಕತ್ತಾಳ. ನಿಂದೂ ಒಂದ ಸಲ ಕಿತ್ತು ನೋಡು.”

“ನಂದೇನ ಆಗಿರ್ತೈತಿ?” ಎಂದು ಸಿಡುಕಿದ ಬೀರೇಶ, ಅವಳ ಮಾತು ತಪ್ಪೆಂದು ತೋರಿಸಲೆಂದೇ ಹೊರಗೆ ಬಂದು ತನ್ನ ಕಂಪ್ಯೂಟರಿನ ಕೇಬಲ್ ಕಿತ್ತ. ಬೆಳಿಗ್ಗೆ ತಾನೇ ಹಚ್ಚಿ ಮರೆತಿದ್ದ ಹೊಸ ಆಟದ ಡೌನ್‌ಲೋಡ್ ಅರ್ಧಕ್ಕೆ ನಿಂತಿತೆಂದು ಪರದೆ ಹೇಳಿತು. ಅಡುಗೆಮನೆಯಲ್ಲಿ ಎರಡು ಊರಿನ ಅಂಗೈಗಳು ಒಂದೇ ತಾಳಕ್ಕೆ ಬೀಳತೊಡಗಿದವು.